ಏಳು ನಿಮಿಷದೊಳಗಿನ ಮನೆ

ಸೋಮವಾರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ನಗರಪಾಲಿಕೆಯವರು ಹೊಸ ಮೆಟ್ಟಿಲುದಾರಿಗೆ ಅಡ್ಡ ಇಟ್ಟಿದ್ದ ಕಂಬಿಗಳನ್ನು ತೆಗೆದರು. ಮೇಲಿನ ಬೀದಿಯಿಂದ ಉತ್ಸವ ಭವನದ ಪಕ್ಕಕ್ಕೆ ನೇರವಾಗಿ ಇಳಿಯುವ ತೊಂಬತ್ತನಾಲ್ಕು ಮೆಟ್ಟಿಲು. ರಿಬ್ಬನ್ನಿಲ್ಲ, ಭಾಷಣವಿಲ್ಲ. ಇಬ್ಬರು ಕೆಲಸದವರು ಕಂಬಿಗಳನ್ನು ಲಾರಿಗೆ ಹಾಕಿಕೊಂಡು ಹೋದರು. ಚಿತ್ರೋತ್ಸವಕ್ಕೆ ಇನ್ನು ಒಂಬತ್ತು ವಾರ ಇತ್ತು.

ಎಂಟೂವರೆಗೆ ಬಾಡಿಗೆ ಕಚೇರಿಯ ಮ್ಯಾನೇಜರ್, ಊರವರು ನಿಮಿಷದಮ್ಮ ಎಂದು ಕರೆಯುವ ಅಳತೆಯವಳ ಮೇಜಿನ ಮೇಲೆ ಒಂದು ಹಾಳೆ ಇಟ್ಟ. ಅದರಲ್ಲಿ ಹನ್ನೊಂದು ಕಟ್ಟಡಗಳ ವಿಳಾಸ ಇತ್ತು. ಮೆಟ್ಟಿಲು ಬಂದದ್ದರಿಂದ ಹನ್ನೊಂದೂ ಭವನಕ್ಕೆ ಹತ್ತಿರವಾಗಿದ್ದವು, ಎಲ್ಲದರ ದೂರವನ್ನೂ ಹೊಸದಾಗಿ ನಡೆದು ಅಳೆಯಬೇಕಿತ್ತು. ಅವಳು ಬೆರಳಿಟ್ಟು ಓದುತ್ತ ಬಂದು ಒಂಬತ್ತನೆಯದರ ಮೇಲೆ ನಿಂತಳು.

"ಸಾರ್, ಇದು ನಾನಿರೋ ಮನೆ."

"ಗೊತ್ತು ಮೇಡಂ."

"ಬೇರೆ ಯಾರ ಕೈಲಾದ್ರೂ ಅಳೆಸಿದ್ರೆ ಒಳ್ಳೇದು."

"ಬೇರೆ ಯಾರಿದ್ದಾರೆ ಹೇಳಿ? ಊರಿಗೆಲ್ಲ ಒಂದೇ ಕಾಲು ಅಂತ ಅಪ್ಪ ಮಾಡಿಟ್ಟು ಹೋಗಿದ್ದಾರೆ. ಈಗ ನಿಮ್ಮೊಂದು ಕಟ್ಟಡಕ್ಕೆ ಅಂತ ಇನ್ನೊಂದು ಕಾಲು ತಂದ್ರೆ ಉಳಿದ ಮಾಲೀಕರೆಲ್ಲ ನಮಗೂ ಬೇಕು ಅಂತಾರೆ."

ಅದೂ ನಿಜವೇ. ಅವಳು ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

ಆ ಊರಿನಲ್ಲಿ ಉತ್ಸವದ ಹತ್ತು ದಿನ ಭವನದ ಸುತ್ತ ಒಂದು ಕಿಲೋಮೀಟರಿನವರೆಗೆ ವಾಹನ ಬಿಡುವುದಿಲ್ಲ. ಕೆಂಪು ಹಾಸಿನ ತುದಿಯವರೆಗೆ ಕಾರಿನಲ್ಲಿ ಹೋಗುವವರು ಬೆರಳೆಣಿಕೆಯ ಮಂದಿ. ಮಿಕ್ಕವರು ನಿರ್ಮಾಪಕರಾಗಲಿ, ವಿತರಕರಾಗಲಿ, ದುಡ್ಡು ಹಾಕುವವರಾಗಲಿ, ಅವರ ಹೆಂಡತಿಯರಾಗಲಿ, ನಡೆದೇ ಹೋಗಬೇಕು. ಅದೂ ಉದ್ದ ಗೌನು ತೊಟ್ಟು, ಎತ್ತರದ ಹಿಮ್ಮಡಿಯ ಮೇಲೆ. ಹಾಗಾಗಿ ಮನೆಯಲ್ಲಿ ಎಷ್ಟು ಕೋಣೆ, ಕಿಟಕಿಯಿಂದ ಏನು ಕಾಣುತ್ತದೆ ಎಂದು ಕೇಳುವ ಮೊದಲು ಅವರು ಕೇಳುವುದು, ಎಷ್ಟು ನಿಮಿಷ ಎಂದು.

ಮ್ಯಾನೇಜರನ ಅಪ್ಪ ಕಚೇರಿ ತೆರೆದಾಗ ಈ ಒಂದು ಪ್ರಶ್ನೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ನಕ್ಷೆ ನೋಡಿ ಹೇಳುವ ನಿಮಿಷ ಬೇಡ, ನಡೆದು ನೋಡಿದ ನಿಮಿಷ ಬೇಕು. ಅದಕ್ಕೊಂದು ಕ್ರಮ ಮಾಡಿದರು. ಕಟ್ಟಡದ ಬಾಗಿಲಿಂದ ಭವನದ ಮುಂಬಾಗಿಲಿನವರೆಗೆ, ಮೂರು ದಿನ, ಸಂಜೆ ಆರರಿಂದ ಏಳರೊಳಗೆ, ಎರಡೂವರೆ ಅಂಗುಲ ಹಿಮ್ಮಡಿಯ ಶೂ ಹಾಕಿಕೊಂಡು ಒಬ್ಬಳೇ ಹೆಂಗಸು ನಡೆಯಬೇಕು. ಮೂರರಲ್ಲಿ ನಡುವಿನದು ಲೆಕ್ಕಕ್ಕೆ. ಒಂದು ಸೆಕೆಂಡು ಜಾಸ್ತಿಯಾದರೂ ಮುಂದಿನ ನಿಮಿಷ. ಊರಿನ ಎಲ್ಲ ಕಟ್ಟಡವನ್ನೂ ಅದೇ ಕಾಲು ನಡೆದಿರಬೇಕು, ಇಲ್ಲದಿದ್ದರೆ ಇವರ ಏಳು ಅವರ ಒಂಬತ್ತಾಗುತ್ತದೆ. ಹತ್ತೊಂಬತ್ತು ವರ್ಷದ ಹಿಂದೆ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಅಂಚೆ ಹಂಚುವ ಕೆಲಸ ಬಿಟ್ಟು ಬಂದಿದ್ದ ಇವಳನ್ನು ಅವರು ಆರಿಸಿಕೊಂಡಿದ್ದರು. ಮೊದಲ ದಿನ ಹೇಳಿದ್ದಿಷ್ಟೇ: "ಓಡಬೇಡಿ, ತೂಕಡಿಸಬೇಡಿ. ನಿಮ್ಮ ಪಾಡಿಗೆ ನೀವು ಹೋಗಿ."

ಏಳು ನಿಮಿಷ ಮತ್ತು ಅದರೊಳಗಿನ ಕಟ್ಟಡಗಳಿಗೆ ಒಳಸುತ್ತು ಎಂದು ಹೆಸರು. ಎಂಟರಿಂದ ಹನ್ನೆರಡು ಹೊರಸುತ್ತು. ಒಳಸುತ್ತಿನ ಒಂದು ಮನೆ ಆ ಹತ್ತು ದಿನದಲ್ಲಿ ತರುವ ಬಾಡಿಗೆ ಸಾಮಾನ್ಯ ಬಾಡಿಗೆದಾರ ಹದಿನಾಲ್ಕು ತಿಂಗಳಲ್ಲಿ ಕೊಡುವುದಕ್ಕೆ ಸಮ. ಹೊರಸುತ್ತಿಗೆ ಅದರ ಕಾಲುಭಾಗವೂ ಬರುವುದಿಲ್ಲ. ಅತಿಥಿಗಳು ಎಂಟು ಎಂದ ಕೂಡಲೇ ಹೋಟೆಲು ಹುಡುಕುತ್ತಾರೆ. ಆದ್ದರಿಂದ ಒಳಸುತ್ತಿನ ಮಾಲೀಕರಿಗೆ ವರ್ಷವಿಡೀ ಇರುವ ಬಾಡಿಗೆದಾರರು ಬೇಕಾಗಿರಲಿಲ್ಲ. ಅವರನ್ನು ಬಿಡಿಸಿ, ಅಮೃತಶಿಲೆ ಹಾಕಿಸಿ, ದೊಡ್ಡ ಸೋಫಾ ತರಿಸಿ, ಹತ್ತು ದಿನ ಬಾಡಿಗೆಗೆ ಕೊಟ್ಟು, ಉಳಿದ ದಿನ ಬೀಗ ಹಾಕುತ್ತಿದ್ದರು. ಮಾರಾಟದ ಬೆಲೆಯೂ ಹಾಗೇ. ಒಬ್ಬನೇ ಕಟ್ಟಿಸಿದ, ಎದುರುಬದುರಿನ ಎರಡು ಕಟ್ಟಡಗಳಲ್ಲಿ ಒಂದು ಏಳು, ಒಂದು ಎಂಟು. ಏಳರದ್ದು ಮೂರನೇ ಒಂದು ಭಾಗ ಹೆಚ್ಚಿಗೆ ಮಾರಿತು. ನಡುವೆ ಇದ್ದದ್ದು ಒಂದು ರಸ್ತೆ ಮತ್ತು ನಿಮಿಷದಮ್ಮನ ಸಹಿ.

ಅವಳ ಸಹಿಯನ್ನು ಯಾರೂ ಪ್ರಶ್ನಿಸಿರಲಿಲ್ಲ. ಒಬ್ಬ ಮಾಲೀಕ ಮಾತ್ರ ಒಮ್ಮೆ ಮನೆಗೆ ಫ್ರಿಜ್ ಕಳಿಸಿದ್ದ. ಅವಳು ಅದನ್ನು ಅದೇ ಗಾಡಿಯಲ್ಲಿ ವಾಪಸ್ ಹೊರಡಿಸಿದ್ದಳು. "ಇಟ್ಕೋಬಹುದಿತ್ತಲ್ಲ," ಎಂದು ಅಕ್ಕ ಬಾಗಿಲಲ್ಲಿ ನಿಂತು ಕೊರಗಿದ್ದಳು. "ಇರೋ ಫ್ರಿಜ್ಜಿಗೇ ಇಡೋಕೆ ಏನೂ ಇಲ್ಲ, ಇನ್ನೊಂದರಲ್ಲಿ ಏನು ಇಡ್ತೀಯಾ," ಎಂದು ಇವಳು ಬಾಯಿ ಮುಚ್ಚಿಸಿದ್ದಳು.

ಅಕ್ಕನಿಗೆ ಅರವತ್ತಮೂರು. ಬಟ್ಟೆ ಹೊಲಿಯುವವಳು. ಇಬ್ಬರೂ ಇಪ್ಪತ್ತಾರು ವರ್ಷದಿಂದ ಮೇಲಿನ ಬೀದಿಯ ಆ ಕಟ್ಟಡದ ನೆಲಮಹಡಿಯಲ್ಲಿದ್ದರು. ಎರಡು ಕೋಣೆ, ಒಂದು ಅಡುಗೆಮನೆ. ಬೀದಿಗೆ ತೆರೆಯುವ ಕೋಣೆಯ ಕಿಟಕಿಯ ಬಳಿ ಮೆಷಿನ್ ಇತ್ತು. ಗಿರಾಕಿಗಳು ಬಾಗಿಲಿಗೆ ಬರದೆ ಕಿಟಕಿಯಿಂದಲೇ ಬಟ್ಟೆ ಕೊಟ್ಟು ಹೋಗುತ್ತಿದ್ದರು. ಅಕ್ಕನ ಸೊಂಟದ ಕೀಲು ಸವೆದಿತ್ತು. ಕಿಟಕಿಯೇ ಅವಳ ಅಂಗಡಿ, ಅವಳ ಪೇಟೆ, ಅವಳ ಊರು. ಹಳೆಯ ದಾರಿಯಲ್ಲಿ ಸುತ್ತಿ ಹೋಗಬೇಕಿದ್ದ ಕಾಲದಲ್ಲಿ ಆ ಕಟ್ಟಡಕ್ಕೆ ಹದಿಮೂರು ನಿಮಿಷ. ಹದಿಮೂರನ್ನು ಯಾರೂ ತಿರುಗಿ ನೋಡುವುದಿಲ್ಲವಾದ್ದರಿಂದಲೇ ಅಲ್ಲಿ ಆರು ಸಂಸಾರಗಳು ನೆಮ್ಮದಿಯಾಗಿದ್ದವು.

ಸಂಜೆ ಸುದ್ದಿ ಹೇಳಿದಾಗ ಅಕ್ಕ ಮೆಷಿನ್ನಿನ ಪೆಡಲಿನಿಂದ ಕಾಲು ತೆಗೆದಳು.

"ಏಳಾದ್ರೆ?"

"ಏಳಾದ್ರೆ ಗೊತ್ತಲ್ಲ."

"ಎಂಟಾದ್ರೆ?"

"ಎಂಟಾದ್ರೆ ಮಾಲೀಕರಿಗೆ ಲಾಭ ಇಲ್ಲ. ಇದ್ದ ಹಾಗೇ ಇರ್ತೀವಿ."

"ಹಂಗಾದ್ರೆ ಇನ್ನೇನೇ ಯೋಚನೆ ಪುಟ್ಟಿ? ಮೆಟ್ಟಿಲ ಮೇಲೆ ಒಂದು ಕಡೆ ನಿಂತು ಚಪ್ಪಲಿ ಸರಿಮಾಡ್ಕೋ. ಒಂದ್ಸಲ ಸೀನು. ಯಾರಾದ್ರೂ ಪರಿಚಯದವರು ಸಿಕ್ಕಿದ್ರೆ ಚೆನ್ನಾಗಿದ್ದೀರಾ ಅಂತ ಕೇಳು. ಆಯ್ತು ಎಂಟು."

"ಆಗಲ್ಲ ಅಕ್ಕಾ."

"ಯಾಕಾಗಲ್ಲ? ಸೀನೋದೂ ತಪ್ಪಾ?"

"ಬರದೇ ಇರೋ ಸೀನು ಸೀನಿದ್ರೆ ತಪ್ಪು."

"ಅಬ್ಬಬ್ಬಾ," ಅಕ್ಕ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು. "ಊರಿನ ಸತ್ಯವೆಲ್ಲ ನಿನ್ನ ಹಿಮ್ಮಡಿಯಲ್ಲೇ ಇದೆ ನೋಡು. ಬೀದಿಗೆ ಬಿದ್ದ ಮೇಲೆ ಅದನ್ನೇ ಹೊದ್ದುಕೊಂಡು ಮಲಗೋಣ."

ನಿಮಿಷದಮ್ಮ ಒಳಗೆ ಹೋಗಿ ಒಲೆಯ ಮೇಲೆ ನೀರಿಟ್ಟಳು. ಎರಡು ವರ್ಷದಿಂದ ಸಂಜೆಯ ಹೊತ್ತಿಗೆ ಮೈಯೆಲ್ಲ ನೆನೆದ ಬಟ್ಟೆಯ ಹಾಗೆ ಭಾರವಾಗುತ್ತಿತ್ತು. ಬಕೆಟ್ಟಿಗೆ ಬಿಸಿನೀರು ಹಾಕಿ ಪಾದ ಮುಳುಗಿಸಿ ಕೂತಳು.

ಬುಧವಾರ, ಗುರುವಾರ, ಶುಕ್ರವಾರ ಅವಳು ತನ್ನ ಮನೆ ಬಾಗಿಲಿಂದ ನಡೆದಳು. ಮೇಲಿನ ಮಹಡಿಯ ನಿವೃತ್ತ ಬಸ್ ಡ್ರೈವರು ಮೂರು ದಿನವೂ ಬಾಗಿಲ ಬಳಿ ಕುರ್ಚಿ ಹಾಕಿ ಕೂತಿದ್ದ. ಮಾತಾಡಿಸಿದರೆ ಅಳತೆ ಕೆಡುತ್ತದೆ ಎಂದು ಅವನಿಗೆ ಗೊತ್ತಿತ್ತು. ತುಟಿ ಪಿಟಕ್ಕೆನ್ನದೆ, ಅವಳು ಹೊರಟಾಗ ಒಮ್ಮೆ, ಬಂದಾಗ ಒಮ್ಮೆ ಮುಖ ನೋಡುತ್ತಿದ್ದ. ಅವಳು ಗಡಿಯಾರದ ಗುಂಡಿ ಒತ್ತಿ, ಬೀದಿಯ ತುದಿಯವರೆಗೆ ನಡೆದು, ಮೆಟ್ಟಿಲು ಇಳಿದು, ಭವನದ ಗಾಜಿನ ಬಾಗಿಲಿನ ಹಿಡಿಯನ್ನು ಮುಟ್ಟಿ ಮತ್ತೆ ಗುಂಡಿ ಒತ್ತುತ್ತಿದ್ದಳು. ಸೀನಲಿಲ್ಲ, ನಿಲ್ಲಲಿಲ್ಲ. ಎದುರಾದ ಹಳೆಯ ಗೆಳತಿಯೊಬ್ಬಳಿಗೆ ತಲೆಯಾಡಿಸಿ ಮುಂದೆ ಹೋದಳು. ಏಳು ಇಪ್ಪತ್ತೆರಡು. ಏಳು ಮೂವತ್ತನಾಲ್ಕು. ಏಳು ಮೂವತ್ತೊಂದು.

ನಡುವಿನದು ಏಳು ನಿಮಿಷ ಮೂವತ್ತೊಂದು ಸೆಕೆಂಡು. ಅಂದರೆ ಎಂಟು.

ಅವಳು ಬರೆದು, ಸಹಿ ಹಾಕಿ, ಭವನದ ಎದುರಿನ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತಳು. ಖುಷಿಯಾಗಬೇಕಿತ್ತು, ಆಯಾಸವಷ್ಟೇ ಆಯಿತು.

ಅಕ್ಕ ಆ ಸಂಜೆ ಸಿಹಿ ಮಾಡಿದಳು. "ನೋಡು, ಸುಮ್ಮನೆ ಜೀವ ತಿಂದೆ," ಅಂದಳು. ಆಮೇಲೆ ದನಿ ತಗ್ಗಿಸಿ, "ನಿಜ ಹೇಳು, ಒಂಚೂರು ನಿಧಾನ ಮಾಡಿದೆ ಅಲ್ವಾ?"

"ಇಲ್ಲ."

"ನನ್ನ ಹತ್ರ ಹೇಳೋಕೇನೇ ನಾಚಿಕೆ?"

"ಇಲ್ಲ ಅಂದ್ನಲ್ಲ ಅಕ್ಕಾ."

"ಆಯ್ತು ಬಿಡು," ಎಂದು ಅಕ್ಕ ಕಣ್ಣು ಮಿಟುಕಿಸಿದಳು. ನಂಬಿರಲಿಲ್ಲ.

ಮರುವಾರ ಕಟ್ಟಡದ ಮಾಲೀಕ ಬಾಡಿಗೆ ಕಚೇರಿಗೆ ಬಂದ. ಕನ್ನಡಕದ ಅಂಗಡಿ ಇಟ್ಟುಕೊಂಡವನು, ಮೃದು ಮನುಷ್ಯ. ಇಷ್ಟು ವರ್ಷದಲ್ಲಿ ಬಾಡಿಗೆ ಎರಡೇ ಸಲ ಏರಿಸಿದ್ದ. ಜಗಳ ಆಡಲು ಬಂದವನಲ್ಲ. ಮ್ಯಾನೇಜರನ ಕೋಣೆಯ ಗಾಜಿನ ಆಚೆ ಕೂತು ಕೈಯಲ್ಲಿದ್ದ ಕನ್ನಡಕವನ್ನು ಒರೆಸುತ್ತಲೇ ಮಾತಾಡಿ, ಹೋಗುವಾಗ ನಿಮಿಷದಮ್ಮನ ಮೇಜಿನ ಬಳಿ ನಿಂತ.

"ತಪ್ಪು ತಿಳ್ಕೋಬೇಡಿ ಅಮ್ಮಾ. ನಮ್ಮನೆಯವಳು ನಡೆದು ನೋಡಿದ್ಲು. ಅವಳಿಗೆ ಆರು ನಿಮಿಷ ಚಿಲ್ಲರೆ ಆಯ್ತಂತೆ. ಎತ್ತರದ ಚಪ್ಪಲೀನೇ ಹಾಕಿದ್ಲು. ನನ್ನ ತಮ್ಮಂದಿರಿಬ್ಬರೂ ಪಾಲುದಾರರು, ಅವರು ಕೇಳ್ತಾರೆ. ಅದಕ್ಕೇ ಬಂದೆ."

"ಬಂದದ್ದು ಒಳ್ಳೇದಾಯ್ತು," ಅಂದಳು ನಿಮಿಷದಮ್ಮ.

ಅವನು ಹೋದ ಮೇಲೆ ಮ್ಯಾನೇಜರ್ ಕರೆದ. ಬಾಗಿಲು ಮುಚ್ಚಿದ. ಆ ಬಾಗಿಲನ್ನು ಅವನು ಮುಚ್ಚುವುದು ಯಾರನ್ನಾದರೂ ಕೆಲಸದಿಂದ ತೆಗೆಯುವಾಗ, ಇಲ್ಲವೇ ಹಲ್ಲುನೋವು ಬಂದಾಗ.

"ಕೂತ್ಕೊಳ್ಳಿ ಮೇಡಂ. ಮೊದಲೇ ಹೇಳ್ತೀನಿ, ಯಾರೂ ನಿಮ್ಮ ಮೇಲೆ ಅನುಮಾನ ಪಡ್ತಾ ಇಲ್ಲ."

ಅಂದರೆ ಎಲ್ಲರೂ ಪಡುತ್ತಿದ್ದಾರೆ ಎಂದು ಅವಳಿಗೆ ಅರ್ಥವಾಯಿತು.

"ಹತ್ತೊಂಬತ್ತು ವರ್ಷ," ಅವನು ಮುಂದುವರಿಸಿದ. "ಒಂದು ದಿನ, ಒಂದು ಮನೆ. ಅದೂ ಅಕ್ಕನ ಆರೋಗ್ಯ ಆ ಥರ ಇರುವಾಗ. ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ. ಎಂಟು ಅಂತಲೇ ಇರ್ಲಿ. ನಿಮ್ಮ ಸಹಿ ಇದೆ, ಅವರೂ ಜಾಸ್ತಿ ಎಳೆಯಲ್ಲ. ಮುಂದಿನ ವರ್ಷದ ಮಾತು ಮುಂದಿನ ವರ್ಷಕ್ಕೆ. ಈ ವಿಷಯ ಇಲ್ಲಿಗೇ ಬಿಡೋಣ."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದ. ಮೇಜಿನ ಮೇಲಿದ್ದ ನೀರಿನ ಲೋಟವನ್ನು ಅವಳತ್ತ ಸರಿಸಿದ. ಅವಳು ಆ ಲೋಟವನ್ನೇ ನೋಡುತ್ತ ಕೂತಳು. ಎದ್ದು, ಥ್ಯಾಂಕ್ಸ್ ಸಾರ್ ಎಂದು ಹೊರಗೆ ಹೋದರೆ ಮುಗಿಯಿತು. ಅಕ್ಕ ಕಿಟಕಿಯ ಬಳಿಯೇ ಇರುತ್ತಾಳೆ, ಡ್ರೈವರು ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಅವಳು ಮಾಡದ ಒಂದು ತಪ್ಪನ್ನು ಇವನೊಬ್ಬ ಕ್ಷಮಿಸಿರುತ್ತಾನೆ, ಅಷ್ಟೇ.

"ನಾನು ನಿಧಾನ ನಡೆದಿಲ್ಲ ಸಾರ್."

"ಆಯ್ತು ಮೇಡಂ. ನಡೆದಿಲ್ಲ ಅಂತಲೇ ಇಟ್ಕೊಳ್ಳೋಣ."

"ಇಟ್ಕೊಳ್ಳೋದಲ್ಲ. ನಡೆದಿಲ್ಲ."

"ಮೇಡಂ, ನಾನು ನಿಮ್ಮ ಪರವಾಗೇ ಮಾತಾಡ್ತಿದ್ದೀನಿ."

"ಅದೇ ಬೇಡ ಅಂತಿರೋದು." ಅವಳ ದನಿ ಏರಲಿಲ್ಲ. ಏರಿಸುವಷ್ಟು ಕಸುವೂ ಉಳಿದಿರಲಿಲ್ಲ. "ಇದೊಂದು ಸುಳ್ಳು ಅಂತಾದ್ರೆ ನಾನು ಬರೆದ ನಾನೂರು ಚಿಲ್ಲರೆ ಕಟ್ಟಡವೂ ಸುಳ್ಳೇ. ಒಂದು ಕೆಲಸ ಮಾಡಿ. ಹಳೇ ಪುಸ್ತಕ ತೆಗೀರಿ. ಮೊದಲನೇ ವರ್ಷ ನಾನು ಅಳೆದ ಯಾವುದಾದ್ರೂ ಕಟ್ಟಡ, ದಾರಿ ಬದಲಾಗದೇ ಇರೋದು, ನೀವೇ ಆರಿಸಿ. ಈಗ ಮತ್ತೆ ನಡೀತೀನಿ. ಜೊತೆಗೆ ಯಾರನ್ನಾದ್ರೂ ಕಳಿಸಿ. ಎರಡೂ ಒಂದೇ ಬಂದ್ರೆ ನಾನು ಮನೆಯ ಅಳತೇಲಿ ಮೋಸ ಮಾಡಿದ್ದೀನಿ ಅಂತ ಬರ್ಕೊಳ್ಳಿ."

"ಬರದಿದ್ರೆ?"

"ಬರದಿದ್ರೆ," ಎಂದು ಅವಳು ಮಾತು ನಿಲ್ಲಿಸಿದಳು. ಆ ಪ್ರಶ್ನೆಯನ್ನು ಅವಳು ಅಲ್ಲಿಯವರೆಗೆ ತನಗೇ ಕೇಳಿಕೊಂಡಿರಲಿಲ್ಲ. ಇಳಿಜಾರಿನ ಊರಿನಲ್ಲಿ ದಿನಾ ನಡೆಯುವವಳು, ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯುವವಳು, ಸಂಜೆ ಬಿಸಿನೀರಿನಲ್ಲಿ ಪಾದ ಮುಳುಗಿಸಿ ಕೂರುವವಳು ತಾನೇ. "ಬರದಿದ್ರೆ ಕಾಲು ಹಳೇದಾಗಿದೆ ಅಂತ."

ಮ್ಯಾನೇಜರ್ ತಲೆ ಕೆರೆದುಕೊಂಡ. ಹಾಗಾದರೆ ಏನಾಗುತ್ತದೆ ಎಂದು ಅವನಿಗೂ ಅದೇ ಹೊತ್ತಿಗೆ ಹೊಳೆದಂತಿತ್ತು.

ಔಷಧಿ ಅಂಗಡಿಯ ಮೇಲಿನ ಕಟ್ಟಡವನ್ನು ಆರಿಸಿದರು. ಇಳಿಜಾರು ರಸ್ತೆ, ಮೂವತ್ತಾರು ಹಳೆಯ ಮೆಟ್ಟಿಲು, ಹತ್ತೊಂಬತ್ತು ವರ್ಷದಲ್ಲಿ ಒಂದು ಕಲ್ಲೂ ಅಲುಗಾಡದ ದಾರಿ. ಹಳೆಯ ಪುಸ್ತಕದಲ್ಲಿ ಅವಳದೇ ಅಕ್ಷರದಲ್ಲಿ ಇತ್ತು: ಐದು ನಿಮಿಷ ನಲವತ್ತೆಂಟು ಸೆಕೆಂಡು. ಪಕ್ಕದಲ್ಲಿ ನಡೆಯಲು ಕರಾರು ಪತ್ರ ಬರೆಯುವ ಗುಮಾಸ್ತೆಯನ್ನು ಕಳಿಸಿದರು. ಮೂವತ್ತೈದರ ಹೆಂಗಸು, ಎರಡು ಮಕ್ಕಳ ತಾಯಿ, ಬೆಳಿಗ್ಗೆಯಿಂದ ಸಂಜೆಯವರೆಗೆ ಗಡಿಬಿಡಿಯಲ್ಲೇ ಬದುಕುವವಳು.

ಮೊದಲ ಸಂಜೆ ಹೊರಟು ಐವತ್ತು ಹೆಜ್ಜೆ ಆಗಿರಬಹುದು. ಗುಮಾಸ್ತೆ ಎರಡು ಸಲ ಮುಂದೆ ಹೋಗಿ ಎರಡು ಸಲ ನಿಂತಳು.

"ಮೇಡಂ, ನಾನು ಇನ್ನೂ ನಿಧಾನ ಮಾಡ್ಲಾ?"

"ಯಾಕೆ? ನೀವು ನಿಮ್ಮ ಪಾಡಿಗೆ ಬನ್ನಿ."

"ಅಲ್ಲ, ನೀವು ನಿಧಾನ ಬರ್ತಾ ಇದ್ದೀರಲ್ಲ, ಅದಕ್ಕೆ."

ನಿಮಿಷದಮ್ಮನಿಗೆ ತಾನು ಎಂದಿನಂತೆಯೇ ನಡೆಯುತ್ತಿದ್ದೇನೆ ಅನ್ನಿಸುತ್ತಿತ್ತು. ಅದೇ ಹೆಜ್ಜೆ, ಅದೇ ಉಸಿರು, ಹೃದಯದ ಬಡಿತವೂ ಅದೇ. ಅಂಚೆಚೀಲ ಹೊತ್ತ ಕಾಲದಿಂದ ಮೈಗೆ ಹತ್ತಿದ ತಾಳ. ಒಳಗೆ ಯಾವುದೂ ಬದಲಾಗಿರಲಿಲ್ಲ. ಹೊರಗೆ ಪಕ್ಕದವಳು ಕಾಯುತ್ತಿದ್ದಳು.

"ಮಾತಾಡಬೇಡಿ," ಅಂದಳು. "ಅಳತೆ ಕೆಡುತ್ತೆ."

ಜೋರಾಗಿ ನಡೆಯಬಹುದಿತ್ತು. ನಡೆದರೆ ಐದು ನಲವತ್ತೆಂಟರ ಹತ್ತಿರ ಬರುತ್ತಿತ್ತೇನೋ. ಬಂದರೆ ತಾನು ಸುಳ್ಳಿ ಎಂದು ಸಾಬೀತಾಗಿ ಮನೆ ಕೈಬಿಡುತ್ತಿತ್ತು. ಬೇಕೆಂದೇ ತಡಮಾಡಿದರೆ ಅದೂ ಮೋಸ. ಮೂವತ್ತಾರು ಮೆಟ್ಟಿಲುಗಳನ್ನು ಅವಳು ಕಂಬಿ ಹಿಡಿದು, ತನ್ನ ಪಾಡಿಗೆ ತಾನು ಇಳಿದಳು. ಗುಮಾಸ್ತೆ ಕೆಳಗೆ ನಿಂತು ಬೇರೆ ಕಡೆ ನೋಡುತ್ತಿದ್ದಳು, ಅವಮಾನವಾಗಬಾರದೆಂದು.

ಮೂರು ಸಂಜೆಯ ನಡುವಿನ ಅಂಕಿ ಆರು ನಿಮಿಷ ಐವತ್ತೆರಡು ಸೆಕೆಂಡು.

ಮ್ಯಾನೇಜರ್ ಕ್ಯಾಲ್ಕ್ಯುಲೇಟರ್ ಒತ್ತಿದ. ಮೊದಲಿಗಿಂತ ನೂರಕ್ಕೆ ಹದಿನೆಂಟು ಪಾಲು ಜಾಸ್ತಿ. ಅವಳ ಮನೆಯ ಅಂಕಿಯನ್ನೂ ಅದೇ ಪ್ರಮಾಣದಲ್ಲಿ ಇಳಿಸಿದ. ಆರು ನಿಮಿಷ ಇಪ್ಪತ್ತೊಂದು ಸೆಕೆಂಡು ಬಂತು. ಅಂದರೆ ಏಳು. ಅವನು ಎರಡನೇ ಸಲ ಒತ್ತಿ ನೋಡಿದ. ಅದೇ ಬಂತು.

"ಕ್ಷಮಿಸಿ ಮೇಡಂ," ಅಂದ. ಈ ಸಲ ಬಾಗಿಲು ತೆರೆದೇ ಇತ್ತು, ಹೊರಗಿದ್ದವರಿಗೂ ಕೇಳಿಸಿತು. "ನಾನು ಹಾಗೆ ಅಂದ್ಕೋಬಾರದಿತ್ತು."

"ಇರ್ಲಿ ಬಿಡಿ."

"ಇರ್ಲಿ ಅಂದ್ರೆ ಆಗಲ್ವಲ್ಲ." ಅವನು ಹಳೆಯ ಪುಸ್ತಕಗಳನ್ನು ಮುಂದೆ ಎಳೆದುಕೊಂಡ. "ನಿಮ್ಮ ಕಾಲು ಯಾವಾಗಿನಿಂದ ನಿಧಾನ ಆಯ್ತು ಅಂತ ಯಾರಿಗೆ ಗೊತ್ತು? ಈ ಐದು ವರ್ಷದಲ್ಲಿ ಎಂಟು ಅಂತ ಬಂದ ಕಟ್ಟಡ ಎಷ್ಟಿದೆಯೋ ಅಷ್ಟನ್ನೂ ಮತ್ತೆ ನಡೀಬೇಕಾಗುತ್ತೆ."

ಅವನು ಎಣಿಸಿದ. ಇಪ್ಪತ್ತಮೂರು ಇದ್ದವು. ಒಂದೊಂದರಲ್ಲೂ ಐದಾರು ಸಂಸಾರ. ಈಕೆ ಅವರಲ್ಲಿ ಅರ್ಧ ಜನರನ್ನು ಮುಖ ನೋಡಿ ಗುರುತು ಹಿಡಿಯುತ್ತಿದ್ದಳು. ಬಾಗಿಲಿಂದ ಹೊರಡುವಾಗ ಕೈಬೀಸಿದವರು, ನೀರು ಬೇಕಾ ಎಂದು ಕೇಳಿದವರು. ಐದು ವರ್ಷ ಅವಳ ಸವೆದ ಮಂಡಿ ಅವರೆಲ್ಲರನ್ನೂ ಕಾಯುತ್ತಿತ್ತು, ಯಾರಿಗೂ ಗೊತ್ತಿಲ್ಲದ ಹಾಗೆ. ಅವಳಿಗೂ ಗೊತ್ತಿಲ್ಲದ ಹಾಗೆ.

"ಅಷ್ಟನ್ನೂ ನಡೀಲೇಬೇಕಾ ಸಾರ್?"

"ನೀವೇ ಹೇಳಿ ಮೇಡಂ. ಬಿಟ್ಟರೆ ಆಗುತ್ತಾ?"

"ಆಗಲ್ಲ," ಅಂದಳು.

ಬೀಗದ ಕೈ ಕೊಟ್ಟು ತೆಗೆದುಕೊಳ್ಳುವ ಕೌಂಟರಿನಲ್ಲಿ ಅವಳಿಗೆ ಒಂದು ಕುರ್ಚಿ ಹಾಕುವುದೆಂದು ತೀರ್ಮಾನವಾಯಿತು. ಸಂಬಳ ಅದೇ, ಕೂತು ಮಾಡುವ ಕೆಲಸ. ಇನ್ನು ಮುಂದೆ ಊರಿನ ಕಾಲು ಗುಮಾಸ್ತೆಯದು.

ಮನೆಗೆ ಬಂದಾಗ ಅಕ್ಕ ಯಾರದೋ ಕೋಟಿನ ತೋಳು ಬಿಚ್ಚುತ್ತಿದ್ದಳು. ನಿಮಿಷದಮ್ಮ ನಿಂತಲ್ಲೇ ಎಲ್ಲ ಹೇಳಿದಳು. ಬಾಗಿಲು ಮುಚ್ಚಿದ್ದರಿಂದ ಹಿಡಿದು ಇಪ್ಪತ್ತಮೂರು ಕಟ್ಟಡದವರೆಗೆ, ಒಂದೂ ಬಿಡದೆ. ಅಕ್ಕ ತೋಳಿನ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚುತ್ತಲೇ ಇದ್ದಳು. ಕೊನೆಗೆ ಕತ್ತರಿ ಕೆಳಗಿಟ್ಟಳು.

"ಅವನು ಬಿಡೋಣ ಅಂದ."

"ಹೂಂ."

"ಎಂಟು ಅಂತಲೇ ಇರ್ಲಿ ಅಂದ."

"ಹೂಂ ಅಕ್ಕಾ."

"ನೀನೇ ಹೋಗಿ, ನೀನೇ ನಡೆದು, ನೀನೇ ಮನೆ ಬಿಡಿಸ್ಕೊಂಡು ಬಂದೆ."

"ನಾನು ಕಳ್ಳಿ ಅಂತ ಅಂದ್ಕೊಂಡು ಬಿಟ್ಟಿದ್ದ ಅವನು."

"ಅಂದ್ಕೊಳ್ಳಲಿ! ಅವನೇನು ನಿನ್ನನ್ನ ಮದುವೆ ಆಗ್ತಾನಾ?" ಅಕ್ಕ ಕೋಟನ್ನು ಮೆಷಿನ್ನಿನ ಮೇಲೆ ಒಗೆದಳು. "ನಿನ್ನ ಮರ್ಯಾದೆ ಉಳೀತು ಪುಟ್ಟಿ. ನಾವೆಲ್ಲಿ ಉಳ್ಕೊಳ್ಳೋದು?"

ನಿಮಿಷದಮ್ಮ ಶೂ ಬಿಚ್ಚಿ ಮೂಲೆಗಿಟ್ಟು, ಮಂಡಿ ಹಿಡಿದುಕೊಂಡು ನೆಲದ ಮೇಲೆ, ಮೆಷಿನ್ನಿನ ಪಕ್ಕ ಕೂತಳು. ಕಿಟಕಿಯಾಚೆ ಗಿರಾಕಿಯೊಬ್ಬಳು ಬಂದು, "ಅಮ್ಮಾ, ಜಿಪ್ ಹಾಕಿದ್ರಾ?" ಎಂದು ಕೇಳಿದಳು. "ನಾಳೆ ಬನ್ನಿ," ಎಂದು ಅಕ್ಕ ತಿರುಗಿ ನೋಡದೆ ಹೇಳಿದಳು.

"ಮಂಡಿ ಎಷ್ಟು ದಿನದಿಂದ ನೋವು?" ಎಂದು ಅಕ್ಕ ಕೇಳಿದಳು ಆಮೇಲೆ.

"ಗೊತ್ತಿಲ್ಲ. ನಾಲ್ಕೈದು ವರ್ಷ ಇರಬಹುದು."

"ಹೇಳಲೇ ಇಲ್ಲ."

"ನಿನ್ನ ಸೊಂಟದ ಮುಂದೆ ನನ್ನದೇನು ಅಂತ."

"ಇಬ್ಬರದ್ದೂ ಸೇರಿಸಿದ್ರೆ ಒಂದು ನೆಟ್ಟಗಿನ ಹೆಂಗಸು ಆಗಲ್ಲ," ಅಂದಳು ಅಕ್ಕ. ನಗಲಿಲ್ಲ. ಆದರೆ ಡಬ್ಬಿಯಲ್ಲಿದ್ದ ಮುಲಾಮು ತೆಗೆದು ತಂಗಿಯತ್ತ ಎಸೆದಳು.

ಮುಂದಿನ ನಾಲ್ಕು ವಾರ ಗುಮಾಸ್ತೆ ಮೊದಲು ಹನ್ನೊಂದು ಕಟ್ಟಡ, ಆಮೇಲೆ ಇಪ್ಪತ್ತಮೂರು ಕಟ್ಟಡ ನಡೆದಳು. ಒಂದೊಂದಕ್ಕೂ ಮೂರು ಸಂಜೆ ಬೇಕು, ಒಂದೇ ಸಂಜೆ ಮೂರ್ನಾಲ್ಕು ದಾರಿ ಸುತ್ತಬೇಕಾಯಿತು. ಮಕ್ಕಳನ್ನು ನೋಡಿಕೊಳ್ಳಲು ತಾಯಿಯನ್ನು ಕರೆಸಿಕೊಂಡಳು. ಮೇಲಿನ ಬೀದಿಯ ಮನೆಗೆ ಅವಳ ನಡುವಿನ ಅಂಕಿ ಆರು ನಿಮಿಷ ಇಪ್ಪತ್ತು ಸೆಕೆಂಡು. ಸಹಿ ಹಾಕುವ ಮೊದಲು ಹಾಳೆ ಹಿಡಿದುಕೊಂಡು ಕೌಂಟರಿಗೆ ಬಂದಳು.

"ಮೇಡಂ, ಒಂದ್ಸಲ ನೀವೂ ನೋಡಿಬಿಡಿ."

ನಿಮಿಷದಮ್ಮ ಮೂರೂ ಅಂಕಿಗಳನ್ನು ನೋಡಿದಳು, ನಡುವಿನದನ್ನು ನೋಡಿದಳು. "ಸರಿಯಾಗಿದೆ," ಎಂದು ಹಾಳೆ ವಾಪಸ್ ಕೊಟ್ಟಳು. "ಇಳಿಯುವಾಗ ಹುಷಾರು. ನಲವತ್ತನೆಯ ಮೆಟ್ಟಿಲು ಸ್ವಲ್ಪ ಎತ್ತರ ಇದೆ."

ಮಾಲೀಕ ತಾನೇ ಬಂದು ನೋಟಿಸು ಕೊಟ್ಟ. ಕಿಟಕಿಯಲ್ಲಿ ಕೊಡಲಿಲ್ಲ, ಒಳಗೆ ಬಂದು, ಕೂತು ಕೊಟ್ಟ. ಅಕ್ಕ ಅವನಿಗೆ ಚಹಾ ಮಾಡಿದಳು, ಸಕ್ಕರೆ ಮಾತ್ರ ಹಾಕಲಿಲ್ಲ. ಅವನು ಸಪ್ಪೆ ಚಹಾವನ್ನು ಕೊನೆಯ ಗುಟುಕಿನವರೆಗೆ ಕುಡಿದ. ಮೇಲಿನ ಮಹಡಿಯ ಡ್ರೈವರು ಮಗಳ ಊರಿಗೆ ಹೊರಟ. ಹೊರಡುವ ದಿನ ಮೆಟ್ಟಿಲ ಬಳಿ ನಿಮಿಷದಮ್ಮ ಎದುರಾದಳು. ಅವಳು ತಲೆ ತಗ್ಗಿಸಿ ಪಕ್ಕಕ್ಕೆ ಸರಿದಳು.

"ಮೂವತ್ತನಾಲ್ಕು ವರ್ಷ ಬಸ್ ಓಡಿಸಿದ್ದೀನಮ್ಮಾ," ಅಂದ ಅವನು. "ಲೇಟಾಗಿ ಬಂದಿದ್ದಕ್ಕೆ ಬೈಸಿಕೊಂಡಿದ್ದೀನಿ. ಲೇಟಾಗಿ ಬಂದಿದ್ದಕ್ಕೆ ಯಾರಾದ್ರೂ ಬದುಕಿಕೊಂಡ್ರು ಅಂತ ಕೇಳಿದ್ದು ನಿಮ್ಮಿಂದಲೇ. ನಿಮ್ಮ ಎಂಟು ನಿಮಿಷದಿಂದ ಐದು ವಾರ ಆದ್ರೂ ಬದುಕಿದ್ವಲ್ಲ." ಅದು ಬೈಗುಳವೋ ಸಮಾಧಾನವೋ ಅವಳಿಗೆ ತಿಳಿಯಲಿಲ್ಲ. ಕೇಳಲೂ ಇಲ್ಲ.

ಅಕ್ಕತಂಗಿಯರಿಗೆ ಬಸ್ಸಿನ ಕೊನೆಯ ನಿಲ್ದಾಣದ ಬಳಿ, ಎರಡನೇ ಮಹಡಿಯಲ್ಲಿ ಒಂದು ಮನೆ ಸಿಕ್ಕಿತು. ಲಿಫ್ಟ್ ಇತ್ತು. ಬೀದಿಗೆ ಕಿಟಕಿ ಇತ್ತು, ಆದರೆ ಎರಡನೇ ಮಹಡಿಯ ಕಿಟಕಿಯಿಂದ ಯಾರೂ ಬಟ್ಟೆ ಕೊಡುವುದಿಲ್ಲ.

"ಭವನದಿಂದ ಎಷ್ಟು ನಿಮಿಷ?" ಎಂದು ಅಕ್ಕ ಕೇಳಿದಳು, ಖಾಲಿ ಕೋಣೆಯ ನಡುವೆ ಕೋಲೂರಿ ನಿಂತು.

"ಬಸ್ಸಲ್ಲಿ ಐವತ್ತು."

"ಮೆಟ್ಟಿಲು ಎಷ್ಟು ಕಟ್ಟಿದ್ರೂ ಇಲ್ಲಿಗೆ ಬರಲ್ಲ ಬಿಡು."

ಗುಮಾಸ್ತೆ ನಡೆದ ಇಪ್ಪತ್ತಮೂರರಲ್ಲಿ ಹದಿನಾಲ್ಕು ಕಟ್ಟಡಗಳು ಏಳಕ್ಕೆ ಇಳಿದವು. ಮೇಲಿನ ಬೀದಿಯಲ್ಲಿ ಆ ವರ್ಷ ಮೂರು ಮನೆ ಮಾರಾಟವಾದವು, ಮೂರನ್ನೂ ಕೊಂಡವರು ಒಳಗೆ ಕಾಲಿಟ್ಟು ನೋಡಿರಲಿಲ್ಲ. ಅಕ್ಕತಂಗಿಯರಿದ್ದ ನೆಲಮಹಡಿಯನ್ನು ಉತ್ಸವದ ಹತ್ತು ದಿನಕ್ಕೂ ಹೊರದೇಶದ ಒಬ್ಬ ನಿರ್ಮಾಪಕ ತೆಗೆದುಕೊಂಡ. ಅವನ ಚಿತ್ರ ಎರಡನೇ ದಿನವೇ ಮಾರಾಟವಾಯಿತು. ಮೂರನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಅವನು ಕೌಂಟರಿಗೆ ಬಂದು, ಇನ್ನೂ ಒಂದು ವಾರ ಬಾಕಿ ಇದ್ದ ಮನೆಯ ಬೀಗದ ಕೈ ವಾಪಸ್ ಕೊಟ್ಟ. ನಿಮಿಷದಮ್ಮ ಅದನ್ನು ಪಡೆದುಕೊಂಡು ರಸೀದಿ ಬರೆದುಕೊಟ್ಟಳು.